ಕಾಶೀಬಾಯಿಯ ಅಗಳಿಬಳ್ಳಿ

“ತೆಗ್ಯಾಕ ಬರ್ತೈತಿ, ಮುಚ್ಚಾಕ ಬರಂಗಿಲ್ಲ. ಮತ್ತ ಇದಕ್ಕ ಬಾಗಲಾ ಅಂತ ಯಾಕ ಅಂತೀರಿ?”

ಕಾಶೀಬಾಯಿ ನನಗೆ ಹೇಳಿದ ಮೊದಲ ಮಾತೇ ಇದು. ನಾನು ಅವಳ ಹೊಸ್ತಿಲ ಒಳಗೆ ಕುಕ್ಕರಗಾಲಲ್ಲಿ ಕೂತು, ಬಾಗಿಲ ಹಿಂದೆ ಅಡ್ಡಕ್ಕೆ ಸರಿಯುವ ಮರದ ಅಗಳಿಗೆ ಅಳತೆ ತೆಗೆಯುತ್ತಿದ್ದೆ. ಅವಳು ಆಗಲೇ ಮೂರು ಸಲ ಬಾಗಿಲನ್ನು ತಳ್ಳಿ ನೋಡಿದ್ದಳು. ಮೂರು ಸಲವೂ ಅದು ಚೌಕಟ್ಟಿನ ತನಕ ಹೋಗಿ, ಏನೋ ಮರೆತವರ ಹಾಗೆ ನಿಂತು, ನಿಧಾನವಾಗಿ ಹಿಂದಕ್ಕೆ ಬಂದಿತ್ತು. ನಾಲ್ಕನೆಯ ಸಲ ಅವಳು ತನ್ನ ಟ್ರಂಕನ್ನು ಎಳೆದು ತಂದು ಬಾಗಿಲಿಗೆ ಒತ್ತಿಟ್ಟಳು. ಬಾಗಿಲು ಟ್ರಂಕನ್ನೂ ಮೆಲ್ಲಗೆ ತಳ್ಳಿಕೊಂಡು ತೆರೆಯಿತು.

“ಬಳ್ಳಿ ಆಗೂ ತನಕ ಅದು ಹಂಗ,” ಅಂದೆ. “ಅದರ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ. ಎಲ್ಲಾರ ಮನ್ಯಾಗೂ ಹಿಂಗ ಆಗಿ ಆಮ್ಯಾಲ ಮುಚ್ಚ್ಯಾವು.”

ನಮ್ಮೂರಿನಲ್ಲಿ ಮನೆಗೆ ಹೊಸಬರು ಬಂದರೆ ಬಾಗಿಲು ಮುಚ್ಚುವುದನ್ನು ನಿಲ್ಲಿಸುತ್ತದೆ. ಸೊಸೆ ಬಂದರೂ ಅಷ್ಟೆ, ಮಗು ಹುಟ್ಟಿದರೂ ಅಷ್ಟೆ, ಬೇರೆ ಊರಿನಿಂದ ಟ್ರಂಕು ಹೊತ್ತು ಬಂದರೂ ಅಷ್ಟೆ. ಬಂದವರು ಹೊಸ್ತಿಲ ಪಕ್ಕದಲ್ಲಿ ತಮ್ಮ ಕೈಯಿಂದಲೇ ಬೀಜ ಊರಿ ಬಳ್ಳಿ ಎಬ್ಬಿಸಬೇಕು. ಮಗುವಾದರೆ ಅದರ ಮುಷ್ಟಿಯಲ್ಲಿ ಬೀಜ ಹಿಡಿಸಿ ಬಿಡಿಸುತ್ತಾರೆ. ನೀರು ಗೊಬ್ಬರ ಯಾರು ಹಾಕಿದರೂ ನಡೆಯುತ್ತದೆ, ಬೀಜ ಮಾತ್ರ ಅವರ ಬೆರಳಿನಿಂದಲೇ ಬೀಳಬೇಕು. ಬಳ್ಳಿ ಹೂ ಬಿಡಬೇಕು, ಆ ಹೂವಿಗೆ ಸೂರಕ್ಕಿ ಬಂದು ಕೊಕ್ಕು ಇಳಿಸಬೇಕು. ಅವತ್ತಿನಿಂದ ಬಾಗಿಲು ಮುಚ್ಚುತ್ತದೆ. ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಾಗಿಲು ಮುಚ್ಚದ ಮನೆಯವರಿಗೆ ಕೇಳಲು ಪುರಸೊತ್ತಿರುವುದಿಲ್ಲ. ಮುಚ್ಚಿದ ಮೇಲೆ ಕೇಳುವ ಅಗತ್ಯ ಬೀಳುವುದಿಲ್ಲ.

ಪುಸ್ತಕದಲ್ಲಿ ಆ ಬಳ್ಳಿಗೆ ಕಾಮಲತೆ ಅಂತ ಹೆಸರಿದೆಯಂತೆ. ನಾವು ಅಗಳಿಬಳ್ಳಿ ಅನ್ನುತ್ತೇವೆ. ಸಬ್ಬಸಿಗೆ ಸೊಪ್ಪಿನ ಹಾಗೆ ಎಳೆ ಎಳೆಯಾದ ಎಲೆ, ಐದು ಮೂಲೆಯ ಚುಕ್ಕಿಯಂಥ ಕೆಂಪು ಹೂ. ಹೂವಿನ ಕೆಳಗೆ ಉದ್ದನೆಯ ಸಪೂರ ಕೊಳವೆ. ಸೂರಕ್ಕಿಯ ಬಾಗಿದ ಕೊಕ್ಕಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಇರುತ್ತದೆ.

ಹಕ್ಕಿ ಬರದಿದ್ದರೆ ಏನು ಅಂತ ಕಾಶೀಬಾಯಿ ಕೇಳಿದಳು. ಬಂದವರೆಲ್ಲ ಕೇಳುವ ಪ್ರಶ್ನೆಯೇ. ಇದ್ದದ್ದನ್ನು ಹೇಳಿದೆ. ಬಳ್ಳಿಯ ಆಯುಷ್ಯ ಒಂದು ಹಂಗಾಮು. ಮಿರಗದ ಮಳೆಗೆ ಬೀಜ ಬಿದ್ದರೆ ಚಳಿಗೆ ಒಣಗುತ್ತದೆ. ಹಸಿರಿಗಿಂತ ಹಳದಿ ಹೆಚ್ಚಾದ ದಿನ ಹೊಸಬರಿಗೆ ಮನೆ ಹಂಚುವ ಬಾಗಿಲ ಕಚೇರಿಯ ಬಸಲಿಂಗಯ್ಯ ಕುಡುಗೋಲು ತಂದು ಬುಡದಲ್ಲಿ ಕೊಯ್ಯುತ್ತಾನೆ. ಮನೆ, ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತದೆ. ಎರಡನೆಯ ಸಲ ಬೀಜ ಹಾಕುವ ಪದ್ಧತಿ ಇಲ್ಲ.

ನಾನು ನಾಲ್ಕು ಮೊಳೆ ಹೊಡೆಯುವಷ್ಟರಲ್ಲಿ ಅವಳು ತನ್ನ ಇಡೀ ಹಿಂದಿನದನ್ನು ಹೇಳಿ ಮುಗಿಸಿದಳು. ಹುಡುಗಿಯರ ಬೋರ್ಡಿಂಗಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ. ಮಲಗುವುದು ಉಗ್ರಾಣದಲ್ಲಿ, ಜೋಳದ ಚೀಲಗಳ ನಡುವೆ. ಉಗ್ರಾಣಕ್ಕೆ ಚಿಲಕ ಇದ್ದದ್ದು ಹೊರಗಡೆ, ಕೀಲಿಕೈ ಇದ್ದದ್ದು ಮೇಲ್ವಿಚಾರಕಿಯ ಸೊಂಟದಲ್ಲಿ. ಚೀಲಗಳ ಜೊತೆ ಇವಳನ್ನೂ ಹಾಕಿ, ಬೆಳಗಿನ ಐದಕ್ಕೆ ಚೀಲಗಳ ಜೊತೆ ಇವಳನ್ನೂ ತೆಗೆಯುತ್ತಿದ್ದರು. ಅದಕ್ಕೂ ಮುಂಚೆ ಅಣ್ಣನ ಮನೆಯ ಪಡಸಾಲೆ. ಅದಕ್ಕೆ ಬಾಗಿಲೇ ಇರಲಿಲ್ಲ. ಮಂಡಿನೋವು ಹೆಚ್ಚಾಗಿ ದೊಡ್ಡ ಹಂಡೆ ಇಳಿಸಲು ಆಗದೆ ಕೆಲಸ ಬಿಟ್ಟಳು. ಅಣ್ಣನ ಹೆಂಡತಿ, ಪಡಸಾಲೆ ಖಾಲಿಯೇ ಇದೆ ಬಾ ಅಂತ ಹೇಳಿ ಕಳಿಸಿದ್ದಳಂತೆ. ಆ ಮಾತು ಕೇಳಿದ ದಿನವೇ ಇವಳು ನಮ್ಮ ಕಚೇರಿಗೆ ಕಾಗದ ಬರೆಸಿದ್ದು.

“ಒಮ್ಮಿ,” ಅಂದಳು, “ಒಮ್ಮಿ ಮಧ್ಯಾಹ್ನ ಉಂಡಮ್ಯಾಲ ಒಳಗಿನಿಂದ ಅಗಳಿ ಹಾಕ್ಕೊಂಡು ಕಾಲು ಚಾಚಿ ಮಲಗಬೇಕು ನೋಡ್ರಿ. ನಾ ತೆಗೆಯೂ ತನಕ ಯಾರೂ ಒಳಗ ಬರಬಾರದು. ಅದೊಂದಕ್ಕ ನಾ ಈ ಊರಿಗೆ ಬಂದಾಕಿ.”

ನನ್ನ ಹೆಸರು ತುಳಜವ್ವ. ಊರಿಗೆ ತುಳಜಕ್ಕ. ಅಗಳಿ ಕೆಲಸ ನನಗೆ ಯಾರೂ ಕಲಿಸಲಿಲ್ಲ. ಗಂಡ ತೀರಿಕೊಂಡ ವರ್ಷ ನಮ್ಮ ಮನೆಯ ಅಗಳಿ ಬಿಗಿಯಾಯಿತು. ಬಿಚ್ಚಿದೆ. ಮತ್ತೆ ಜೋಡಿಸಲು ಬರಲಿಲ್ಲ. ಮೂರು ದಿನ ಗುದ್ದಾಡಿ ಜೋಡಿಸಿದೆ. ಆಮೇಲೆ ಊರಿನವರದ್ದೆಲ್ಲ ಬಿಚ್ಚಲು ಶುರುಮಾಡಿದೆ. ಹೊಸಬರು ಬಂದ ದಿನವೇ ಅಗಳಿ ಕೂಡಿಸುವುದು ನಮ್ಮಲ್ಲಿ ರೂಢಿ. ಹಕ್ಕಿ ಬಂದ ದಿನ ಅಗಳಿ ಮಾಡಿದವರೇ ಹೋಗಿ ಕೋಳಿಗರಿಯಿಂದ ಅದಕ್ಕೆ ಎಣ್ಣೆ ಸವರಬೇಕು, ಆಮೇಲೆಯೇ ಮೊದಲ ಸಲ ಸರಿಸುವುದು. ಅಲ್ಲಿಯವರೆಗೆ ಅದು ಸುಮ್ಮನೆ ಇರುತ್ತದೆ. ಕೆಲವರು ಅದಕ್ಕೆ ಕೈಚೀಲ ತೂಗುಹಾಕುತ್ತಾರೆ.

ಬೀಜ ಕೊಡುವುದು ಎದುರು ಮನೆಯವರು. ಎದುರು ಮನೆ ನನ್ನದೇ ಆದ್ದರಿಂದ ನನ್ನ ಡಬ್ಬಿಯಿಂದ ಐದು ಬೀಜ ಕೊಟ್ಟೆ. ಕಪ್ಪಗೆ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಕಲ್ಲಿನಂಥ ಸಿಪ್ಪೆ. ಹೊಸ್ತಿಲ ಕಲ್ಲಿಗೆ ಒಂದು ತುದಿ ತಿಕ್ಕಿ ಸಿಪ್ಪೆ ತೆಳ್ಳಗೆ ಮಾಡಬೇಕು, ಒಂದು ರಾತ್ರಿ ನೀರಲ್ಲಿ ನೆನೆಸಬೇಕು, ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಊರಬೇಕು ಅಂತ ಹೇಳಿದೆ. ಅವಳು ಐದನ್ನೂ ತಿಕ್ಕಿ, ನೆನೆಸಿ, ಮಾರನೆಯ ದಿನ ಒಂದೊಂದನ್ನೇ ಊರುತ್ತಾ ಪ್ರತಿಯೊಂದಕ್ಕೂ ಏನೋ ಹೇಳಿದಳು. ಏನು ಹೇಳಿದೆ ಅಂತ ಕೇಳಿದ್ದಕ್ಕೆ, ಅಕ್ಕಿ ತೊಳೆದು ಹಾಕುವಾಗಲೂ ಹೀಗೇ ಮಾತಾಡುವುದು, ಏನು ಅಂತ ತನಗೂ ನೆನಪಿರುವುದಿಲ್ಲ ಅಂದಳು. ಆರನೆಯ ದಿನ ಒಂದೇ ಒಂದು ಮೊಳಕೆ ಬಂತು. ಅಗಳಿಬಳ್ಳಿಯ ಮೊದಲ ಎರಡು ಎಲೆಗಳು ಮುಂದಿನ ಎಲೆಗಳಂತೆ ಇರುವುದಿಲ್ಲ. ಒಂದೊಂದೂ ಜಿಂಕೆಯ ಕೋಡಿನ ಹಾಗೆ ಎರಡಾಗಿ ಸೀಳಿರುತ್ತದೆ. ಅದನ್ನು ನೋಡಿ ಅವಳು ಕಳೆಯೆಂದು ತಿಳಿದು ಕೀಳಲು ಹೋದಳು. ನಾನು ಎದುರು ಮನೆಯ ಕಟ್ಟೆಯಿಂದಲೇ ಕೂಗಿ ನಿಲ್ಲಿಸಿದೆ.

ಬಾಗಿಲು ಮುಚ್ಚದ ಮನೆಯೊಂದಿಗೆ ಬಾಳುವುದು ನಮ್ಮ ಓಣಿಗೆ ಹೊಸದಲ್ಲ. ಸ್ನಾನದ ಹೊತ್ತಿಗೆ ಯಾರಾದರೂ ಹೊಸ್ತಿಲ ಮೇಲೆ ಮನೆಗೆ ಬೆನ್ನು ಮಾಡಿ ಕೂರುತ್ತಾರೆ. ಕಾಶೀಬಾಯಿಯ ಕಾವಲಿಗೆ ಹುಸೇನಬಿ ಬಂದಳು. ಬಳೆ ತೊಡಿಸುವ ಕೆಲಸ ಬಿಟ್ಟು ಹತ್ತು ವರ್ಷವಾದ ಮುದುಕಿ ಅವಳು, ನಾಲ್ಕು ಆಡು ಸಾಕಿಕೊಂಡು ಪಕ್ಕದ ಮನೆಯಲ್ಲಿದ್ದಾಳೆ. ಬೆನ್ನೇನೋ ಸರಿಯಾಗಿಯೇ ತಿರುಗಿಸಿ ಕೂರುತ್ತಿದ್ದಳು, ಬಾಯಿ ಮಾತ್ರ ಒಳಗೇ ಇರುತ್ತಿತ್ತು. ಬೋರ್ಡಿಂಗಿನಲ್ಲಿ ಸಾರಿಗೆ ಕೊತ್ತಂಬರಿ ಹಾಕುತ್ತಿದ್ದರೋ ಇಲ್ಲವೋ, ಮೇಲ್ವಿಚಾರಕಿಗೆ ಮದುವೆ ಆಗಿತ್ತೋ ಇಲ್ಲವೋ, ಎಲ್ಲವನ್ನೂ ಅವಳು ವಿಚಾರಿಸಿದ್ದು ಕಾಶೀಬಾಯಿ ಮೈಗೆ ನೀರು ಹಾಕಿಕೊಳ್ಳುವಾಗ. ನೀರಿನ ಸದ್ದಿನ ನಡುವೆ ಉತ್ತರಗಳು ಬರುತ್ತಿದ್ದವು. ಓಣಿಗೆಲ್ಲ ಕೇಳುತ್ತಿತ್ತು.

ಕಾಶೀಬಾಯಿಯ ದನಿಯೇ ಹಾಗೆ. ನೂರಿಪ್ಪತ್ತು ಹುಡುಗಿಯರಿದ್ದ ಊಟದ ಮನೆಯ ಈ ತುದಿಯಿಂದ ಆ ತುದಿಗೆ ಮಾತಾಡಿ ರೂಢಿ. ಪಕ್ಕದಲ್ಲಿ ಕೂತವರಿಗೂ ಅಷ್ಟೇ ದೂರಕ್ಕೆ ಮಾತಾಡುತ್ತಿದ್ದಳು. ಜೊತೆಗೆ ಕಡಿಮೆ ಅಡುಗೆ ಅವಳ ಕೈಗೆ ಬರುತ್ತಿರಲಿಲ್ಲ. ಒಬ್ಬಳಿಗೆ ಅಂತ ಇಟ್ಟ ಅನ್ನ ಹನ್ನೆರಡು ಜನಕ್ಕಾಗುತ್ತಿತ್ತು. ಮೊದಲ ವಾರ ಮಿಕ್ಕಿದ್ದನ್ನು ಆಡುಗಳಿಗೆ ಹಾಕಿದಳು. ಎರಡನೆಯ ವಾರ ಆಡುಗಳ ಹಿಂದೆ ಹುಸೇನಬಿ ಬಂದಳು, ಹುಸೇನಬಿಯ ಹಿಂದೆ ನಾನು ಹೋದೆ. ಆಷಾಢ ಕಳೆಯುವಷ್ಟರಲ್ಲಿ ಅರ್ಧ ಓಣಿ ಮಧ್ಯಾಹ್ನ ಅಲ್ಲೇ ಉಣ್ಣುತ್ತಿತ್ತು. ಜೋಳ, ಬೇಳೆ, ಬದನೆಕಾಯಿ, ಎಣ್ಣೆ ಎಲ್ಲ ನಾವೇ ಒಯ್ಯುತ್ತಿದ್ದೆವು. ಬಾಗಿಲಂತೂ ತೆರೆದೇ ಇರುತ್ತಿತ್ತು. ಸಾಲಾಗಿ ಬರ್ರಿ, ಮುಂದಿನವರನ್ನು ದೂಡಬ್ಯಾಡ್ರಿ ಅಂತ ಅವಳು ಕೂಗುವುದು ಹಿತವಾಗಿತ್ತು. ಬಿಳಿ ಮೀಸೆಯವರೂ ಸಾಲಾಗಿ ನಿಲ್ಲುತ್ತಿದ್ದರು.

ಕಚೇರಿಯ ಬಸಲಿಂಗಯ್ಯ ತಿಂಗಳಿಗೊಮ್ಮೆ ಬಳ್ಳಿಯ ತಪಾಸಣೆಗೆ ಬರಬೇಕಾದವನು, ದಿನಾ ಬರತೊಡಗಿದ. ಬರುವ ಹೊತ್ತು ಸರಿಯಾಗಿ ಹನ್ನೆರಡೂವರೆ.

ಊಟವಾದ ಮೇಲೆ ಕಾಶೀಬಾಯಿ ಮಲಗಲು ನೋಡುತ್ತಿದ್ದಳು. ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಯಾರೋ ಒಳಗೆ ಬಂದು, ಮಲಗೀಯೇನು ಅಂತ ಕೇಳುತ್ತಿದ್ದರು. ಇಲ್ಲ ಅಂತ ಎದ್ದು ಕೂರುತ್ತಿದ್ದಳು. ನಾನೂ ಎಷ್ಟೋ ಸಲ ಹಾಗೆ ಕೇಳಿದ್ದೇನೆ. ಅವಳು ಮಲಗಿದ್ದಾಳೆಂದು ಕಾಣುತ್ತಲೇ ಇತ್ತು.

ಬಳ್ಳಿ ಚೆನ್ನಾಗಿ ಬೆಳೆಯಿತು. ಚೆನ್ನಾಗಿ ಅನ್ನುವುದು ಕಡಿಮೆಯಾದೀತು. ಹುರಿ ಕಟ್ಟಿದ್ದೆವು, ಹುರಿ ಹತ್ತಿತು. ಹುರಿ ಮುಗಿದು ಜಂತಿ ಹಿಡಿಯಿತು, ಜಂತಿಯಿಂದ ಹೆಂಚಿಗೆ ಹಬ್ಬಿ, ಹುಸೇನಬಿಯ ಗೋಡೆಯ ಮೇಲೂ ಕೈ ಹಾಕಿತು. ಅಷ್ಟು ಕಡುಹಸಿರಿನ ಅಗಳಿಬಳ್ಳಿಯನ್ನು ನಮ್ಮೂರು ಕಂಡಿರಲಿಲ್ಲ. ಶ್ರಾವಣ ಬಂತು. ಆ ವರ್ಷ ಬೀಜ ಹಾಕಿದ್ದ ಬೇರೆ ಮನೆಗಳಲ್ಲಿ ಸಣಕಲು ಬಳ್ಳಿಗಳು ಕೂಡ ಕೆಂಪು ಚುಕ್ಕಿ ಬಿಟ್ಟವು. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು, ನಾನು ಗರಿ ಹಿಡಿದು ಹೋಗಿ ಎಣ್ಣೆ ಸವರಿ ಬಂದೆ. ಕಾಶೀಬಾಯಿಯ ಬಳ್ಳಿಯಲ್ಲಿ ಮೊಗ್ಗೂ ಇಲ್ಲ. ಭಾದ್ರಪದವೂ ಕಳೆಯಿತು. ಅವಳು ದಿನಾ ಬೆಳಿಗ್ಗೆ ಎಲೆಗಳ ನಡುವೆ ಕೈ ಹಾಕಿ, ಹುಡುಗಿಯರ ತಲೆಯಲ್ಲಿ ಹೇನು ನೋಡುವ ಹಾಗೆ ಹುಡುಕುತ್ತಿದ್ದಳು. ಬರಿಗೈ ಹೊರಗೆ ತೆಗೆಯುತ್ತಿದ್ದಳು. ಅಣ್ಣನ ಊರಿಗೆ ಬಸ್ಸು ಯಾವ ದಿನ ಇದೆ ಅಂತ ಒಮ್ಮೆ ನನ್ನನ್ನು ಕೇಳಿದಳು. ಸುಮ್ಮನೆ ಕೇಳಿದೆ ಅಂದಳು.

ಮಹಾನವಮಿಗೆ ವಾರ ಇರುವಾಗ ಒಂದು ಮಧ್ಯಾಹ್ನ ಬಸಲಿಂಗಯ್ಯ ಊಟಕ್ಕೆ ಮುಂಚೆ ಬಳ್ಳಿಯ ಬುಡದಲ್ಲಿ ಕೂತು ಮಣ್ಣನ್ನು ಚಿವುಟಿ ಮೂಸಿದ. ಆಮೇಲೆ ಒಳಗೆ ಬಂದು ಸಾಲಿನಲ್ಲಿ ಕೂತ. ಅವನ ಮುಖ ನೋಡಿ ಕಾಶೀಬಾಯಿಯೂ ಹೋಗಿ ಮೂಸಿ ಬಂದಳು. ಬಂದವಳು ಸೌಟು ಕೈಯಲ್ಲಿ ಹಿಡಿದು, ಸಾರಿನ ಪಾತ್ರೆಯ ಪಕ್ಕ ನಿಂತಳು. ಬಡಿಸಲಿಲ್ಲ.

“ಬೋರ್ಡಿಂಗ್‌ನ್ಯಾಗ ಬೆಲ್ಲ ಕಳುವಾದ್ರ ನಾ ಯಾರನ್ನೂ ಕೇಳ್ತಿದ್ದಿಲ್ಲ,” ಅಂದಳು. “ಹಿಂಗ ಸೌಟು ಹಿಡಕೊಂಡು ನಿಂದರತಿದ್ದೆ.”

ತಟ್ಟೆಗಳಲ್ಲಿ ಅನ್ನ ಆರುತ್ತಿತ್ತು. ಮೊದಲು ಹುಸೇನಬಿ ಒಪ್ಪಿಕೊಂಡಳು. ಆಡಿನ ಹಿಕ್ಕೆ, ದಿನಾ ಒಂದು ಉಡಿ, ಬೆಳಗಿನ ಹೊತ್ತು ಕಾಶವ್ವ ಒಲೆ ಹಚ್ಚುವಾಗ. ಪಾಪ, ಬಡವಿ ಬಳ್ಳಿ, ಶಕ್ತಿ ಬರಲಿ ಅಂತ ಹಾಕಿದೆ ಅಂದಳು. ಅವಳ ಪಕ್ಕದವರು ಕೋಳಿಗೊಬ್ಬರ ಅಂದರು. ಅವರಾಚೆಯವರು ಮೀನು ತೊಳೆದ ನೀರು ಅಂದರು. ಸಾಲು ಬಸಲಿಂಗಯ್ಯನ ತನಕ ಬಂತು. ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಸಗಣಿ ನೀರು. ವಾರಕ್ಕ ಎರಡು ಬಕೀಟು,” ಅಂದ. ಅನ್ನ ಕೆದಕುತ್ತಾ ಸೇರಿಸಿದ: “ನಮ್ಮ ಮನಿ ಎಮ್ಮಿದು. ಕಚೇರಿದಲ್ಲ.”

ಯಾರಿಗೂ ಇನ್ನೊಬ್ಬರು ಹಾಕುವುದು ಗೊತ್ತಿರಲಿಲ್ಲ. ತೆರೆದ ಬಾಗಿಲು, ಯಾವಾಗ ಬೇಕಾದರೂ ಒಳಗೆ ಬಂದು ಹೋಗುವ ಜನ, ಪ್ರತಿಯೊಬ್ಬರೂ ಹೊಸ್ತಿಲ ಪಕ್ಕದಲ್ಲಿ ಒಂದು ಗಳಿಗೆ ನಿಂತು ಹೋಗಿದ್ದರು. ನಾಲ್ಕು ತಿಂಗಳು ಹೀಗೆ ನಡೆದಿತ್ತು. ಹೊಟ್ಟೆ ತುಂಬಿದ ಬಳ್ಳಿಗೆ ಹೂ ಬಿಡುವ ನೆನಪೇ ಆಗಿರಲಿಲ್ಲ.

ಸೌಟು ನನ್ನ ಮುಂದೆ ಬಂದು ನಿಂತಿತು. ನಾನು, “ನಾ ಬರೇ ನೀರು,” ಅಂದೆ.

ಕಾಶೀಬಾಯಿ ನನ್ನನ್ನು ನೋಡಿದಳು. ಆಮೇಲೆ ಎಲ್ಲರಿಗೂ ಒಂದೊಂದು ಸೌಟು ಸಾರು ಹಾಕಿದಳು. ನನಗೆ ಎರಡು ಹಾಕಿದಳು.

ಇನ್ನು ಯಾರೂ ಬುಡಕ್ಕೆ ಏನೂ ಹಾಕಬಾರದು ಅಂತ ಮಾತಾಯಿತು. ನಾನು ಮನೆಗೆ ಬಂದು ನನ್ನ ಬಾಗಿಲು ಮುಚ್ಚಿಕೊಂಡು ಕೂತೆ. ನನ್ನ ಬಾಗಿಲು ಹತ್ತೊಂಬತ್ತು ವರ್ಷದಿಂದ ಸರಿಯಾಗಿ ಮುಚ್ಚುತ್ತದೆ. ಹೋದವರಿಗಾಗಿ ಬಾಗಿಲು ಸಡಿಲಾಗುವುದಿಲ್ಲ, ಬಂದವರಿಗಾಗಿ ಮಾತ್ರ ಆಗುತ್ತದೆ, ನನ್ನ ಮನೆಗೆ ಯಾರೂ ಬರಲಿಲ್ಲ. ಒಳಗೆ ನನ್ನ ಅರದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅವತ್ತೂ ಎದುರು ಮನೆಯಿಂದ ಪಾತ್ರೆ ತಿಕ್ಕುತ್ತಾ ಅವಳು ಹುಸೇನಬಿಗೆ ಏನೋ ಹೇಳುವುದು ಬಾಗಿಲ ಸಂದಿಯಿಂದ ಬರುತ್ತಿತ್ತು. ನಗು ಇರಲಿಲ್ಲ, ದನಿ ಇತ್ತು. ಅದನ್ನು ಕೇಳುತ್ತಾ ಹಿತ್ತಲಲ್ಲಿದ್ದ ಮಡಕೆಯನ್ನು ಚರಂಡಿಗೆ ಬಗ್ಗಿಸಿದೆ.

ಮಾರನೆಯ ದಿನ ಹತ್ತು ಗಂಟೆಯ ಬಿಸಿಲಿಗೆ ಅವಳು ಹೊಸ್ತಿಲಲ್ಲಿ ಕೂತು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ.

“ನಿನ್ನೆ ನೀರಂದೆ. ನೀರಲ್ಲ, ಕಾಶಿ. ಶೇಂಗಾ ಹಿಂಡಿ. ನೆನಸಿ ಕೊಳಸಿ ಹಾಕೀನಿ.”

“ಗೊತ್ತೈತಿ,” ಅಂದಳು, ಮೊರದಿಂದ ಕಣ್ಣೆತ್ತದೆ. “ಇಪ್ಪತ್ತೆರಡು ವರ್ಷ ಅಡಗಿಮನ್ಯಾಗ ಇದ್ದಾಕಿಗೆ ಹಿಂಡಿ ವಾಸನಿ ತಿಳಿಯಂಗಿಲ್ಲೇನು? ನಿನ್ನ ಸೆರಗಿಗೂ ಬರ್ತಿತ್ತು.”

“ಅವರೆಲ್ಲಾ ತಿಳೀಲಾರದ ಹಾಕಿದರು. ನಾ ತಿಳಿದ ತಿಳಿದ ಹಾಕಿದೆ. ಹಿಂಡಿ ಹೆಚ್ಚಾದ್ರ ಎಲಿ ಬರ್ತೈತಿ, ಹೂ ಬರಂಗಿಲ್ಲ ಅನ್ನೂದು ನನಗ ಗೊತ್ತಿತ್ತು.”

ಅವಳ ಬೆರಳು ಒಂದು ಕಲ್ಲಿನ ಮೇಲೆ ನಿಂತಿತು. ಅದನ್ನು ಹೆಕ್ಕಿ ಓಣಿಗೆ ಎಸೆದಳು.

“ಯಾಕ?”

“ನಿನ್ನ ಬಾಗಲಾ ಮುಚ್ಚಿದ್ರ ನಿನ್ನ ದನಿ ನನ್ನ ಮನಿ ತನಕ ಬರಂಗಿಲ್ಲ.”

ಅದನ್ನು ಹೇಳುವ ತನಕ ನನಗೂ ಅದು ಅಷ್ಟು ಸಣ್ಣ ಮಾತೆಂದು ಗೊತ್ತಿರಲಿಲ್ಲ. ಅವಳು ಎರಡು ಮುಷ್ಟಿ ಬೇಳೆ ಆರಿಸಿ ಮುಗಿಸಿದಳು.

“ನನ್ನ ಹಂತೇಲಿಂದ ಕದ್ದು ಒಯ್ದೋರನ್ನ ಭಾಳ ಮಂದಿ ನೋಡೀನಿ, ಅಕ್ಕಾ,” ಅಂದಳು. “ಕದ್ದು ತಂದು ಹಾಕಿದೋರು ನೀವ ಮೊದಲು. ಅದಕ್ಕ ಎಷ್ಟು ಸಿಟ್ಟು ಮಾಡಬೇಕು ಅಂತ ತಿಳೀವಲ್ದು.” ಮೊರವನ್ನು ಒಮ್ಮೆ ಕೊಡವಿದಳು. “ಆದ್ರ ಬಾಗಲಾ ನನಗ ಬೇಕು.”

ಏನು ಮಾಡಬೇಕೆಂದು ನಾನು ಹೇಳಿದೆ, ಮಾಡಿದ್ದೆಲ್ಲ ಅವಳೇ. ಬುಡದಿಂದ ಒಂದೂವರೆ ಗೇಣು ಬಿಟ್ಟು ಸುತ್ತ ಹಾರೆ ಇಳಿಸಿ ಬೇರು ಕತ್ತರಿಸಿದಳು. ಮೇಲಿನ ಮಣ್ಣನ್ನು ಬುಟ್ಟಿಯಲ್ಲಿ ತೆಗೆದು ಆಚೆ ಹಾಕಿದಳು. ಒಲೆಯ ಬೂದಿ ಉದುರಿಸಿದಳು. ನೀರು ನಿಲ್ಲಿಸಿದಳು. ಬಳ್ಳಿಗೆ ಹಸಿವು ಹತ್ತಬೇಕು, ಹಸಿವು ಹತ್ತಿದರೆ ಸಾಯುವ ಭಯ ಬರುತ್ತದೆ, ಭಯ ಬಂದರೆ ಬೀಜ ಮಾಡಿಕೊಳ್ಳಲು ಹೂ ಬಿಡುತ್ತದೆ ಅಂದಿದ್ದೆ. ಭಯ ಬರುವ ಮುಂಚೆ ಸತ್ತರೆ ಅಂತ ಅವಳು ಕೇಳಿದಳು.

ಹತ್ತು ದಿನಕ್ಕೆ ಕೆಳಗಿನ ಎಲೆಗಳು ಹಳದಿಯಾದವು. ಹದಿನೈದು ದಿನಕ್ಕೆ ಹಳದಿ ಜಂತಿ ಮುಟ್ಟಿತು. ಬಸಲಿಂಗಯ್ಯ ಕುಡುಗೋಲು ತಂದ. ತರಲೇಬೇಕಿತ್ತು, ಪಟ್ಟಿಯಲ್ಲಿದ್ದ ಮುಂದಿನ ಹೆಸರಿನವರು ಆಗಲೇ ಕಚೇರಿಗೆ ಬಂದು ವಿಚಾರಿಸಿ ಹೋಗಿದ್ದರು. ಅವನು ಕುಡುಗೋಲನ್ನು ಹೊಸ್ತಿಲ ಮೇಲಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಬಳ್ಳಿಯ ಮುಂದೆ ಮಣೆ ಹಾಕಿಸಿಕೊಂಡು ಕೂತ. ಹಸಿರಿಗಿಂತ ಹಳದಿ ಹೆಚ್ಚಾಗಿದೆ ಅನ್ನುವುದು ಕಣ್ಣಳತೆಯ ಮಾತಾಗಬಾರದು, ಎಣಿಸಿಯೇ ಹೇಳಬೇಕು ಅಂದ. ಅಗಳಿಬಳ್ಳಿಯ ಒಂದು ಎಲೆಯಲ್ಲಿ ಮೂವತ್ತು ಎಳೆ ಇರುತ್ತವೆ. ಅವನು ಎಳೆ ಎಣಿಸುತ್ತಿದ್ದ. ಹನ್ನೆರಡೂವರೆಗೆ ನಿಲ್ಲಿಸಿ, ಉಂಡು, ಕುಡುಗೋಲು ತೆಗೆದುಕೊಂಡು ಹೋಗುತ್ತಿದ್ದ. ಮಾರನೆಯ ದಿನ ಬಂದು, ನಿನ್ನೆ ಎಲ್ಲಿಗೆ ಬಂದಿದ್ದೆ ಮರೆತುಹೋಯಿತು ಅಂತ ಮೊದಲಿನಿಂದ ಶುರುಮಾಡುತ್ತಿದ್ದ. ಹೀಗೆ ಆರು ದಿನ ಕಳೆದ.

ಏಳನೆಯ ದಿನ ಎಣಿಸುತ್ತಿದ್ದವನ ಬೆರಳು ನಿಂತಿತು. ಕಾಶೀಬಾಯಿಯನ್ನು ಕರೆದು ತೋರಿಸಿದ. ಎಲೆ ಕಾಂಡ ಕೂಡುವ ಕಡೆ ಜೀರಿಗೆಯಂಥ ಮೊಗ್ಗು. ಹುಡುಕಿದರೆ ಒಂಬತ್ತು ಇದ್ದವು.

ಮೊದಲ ಹೂ ಅರಳಿದ ಬೆಳಿಗ್ಗೆ ಓಣಿಯೆಲ್ಲ ಅವಳ ಮನೆಯ ಮುಂದೆ ಸೇರಿತು. ಕೆಂಪೆಂದರೆ ಕೆಂಪು. ಎಲ್ಲರೂ ಬಾಗಿ ಬಾಗಿ ನೋಡಿ, ಹಕ್ಕಿ ಯಾವ ಕಡೆಯಿಂದ ಬರುತ್ತದೆ ಅಂತ ಮಾತಾಡುತ್ತಾ ಮಧ್ಯಾಹ್ನದ ತನಕ ನಿಂತೆವು. ಅಷ್ಟರಲ್ಲಿ ಹೂ ಮುದುಡಿಕೊಂಡಿತು. ಅದರ ಆಯುಷ್ಯ ಅಷ್ಟೇ, ಬೆಳಗಿನಿಂದ ಬಿಸಿಲೇರುವ ತನಕ. ಎರಡನೆಯ ದಿನವೂ ನಿಂತೆವು, ಎರಡು ಹೂ ಮುದುಡಿದವು. ಸೂರಕ್ಕಿ ಹೆಬ್ಬೆರಳಿನಷ್ಟು ಹಕ್ಕಿ, ಹುಸೇನಬಿಯ ಛಾವಣಿಯ ತನಕ ಬಂದು ನಮ್ಮನ್ನೆಲ್ಲ ನೋಡಿ ಹೋಯಿತು. ಮೂರನೆಯ ದಿನ ಕಾಶೀಬಾಯಿ ಹೊಸ್ತಿಲಲ್ಲಿ ನಿಂತು, ಎಲ್ಲಾರೂ ನಿಮ್ಮ ನಿಮ್ಮ ಮನಿಗೆ ಹೋಗ್ರಿ ಅಂದಳು. ಊಟದ ಮನೆಯ ದನಿಯಲ್ಲ, ಸಣ್ಣ ದನಿ. ಅವಳಿಗೆ ಅಂಥದೊಂದು ದನಿ ಇದೆ ಅಂತ ನಮಗೆ ಗೊತ್ತಿರಲಿಲ್ಲ. ನಾವು ಹೋದೆವು.

ಅವತ್ತು ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು. ಹುಸೇನಬಿ ಆಡುಗಳನ್ನೂ ಒಳಗೆ ಕಟ್ಟಿಕೊಂಡಳು. ಬಸಲಿಂಗಯ್ಯ ಎಣಿಸಲು ಬರಲಿಲ್ಲ. ತೆರೆದದ್ದು ಅವಳದೊಂದೇ. ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ಕೂತೆ. ಕಾಶೀಬಾಯಿ ಒಳಗಿನ ಕಂಬಕ್ಕೆ ಒರಗಿ ಕಾಲು ಮಡಿಸಿ ಕೂತದ್ದು ಕಾಣುತ್ತಿತ್ತು. ಹುರಿಯ ಮೇಲೆ ಮೂರು ಹೂ.

ಗಂಡು ಸೂರಕ್ಕಿ ಬಿಸಿಲಿಗೆ ನೇರಳೆ ಮಿರುಗುತ್ತದೆ, ದೂರದಿಂದಲೇ ಕಾಣುತ್ತದೆ. ಬಂದದ್ದು ಅದಲ್ಲ, ಹೆಣ್ಣು. ಮಣ್ಣು ಬಣ್ಣದ ಬೆನ್ನು, ಮಾಸಿದ ಹಳದಿ ಹೊಟ್ಟೆ. ಒಣಗಿದ ಎಲೆಗಳ ನಡುವೆ ಇನ್ನೊಂದು ಎಲೆ ಅಲುಗಿದ ಹಾಗೆ ಬಂತು. ಮೊದಲ ಹೂವಿನ ಪಕ್ಕ ಕೂತು ಬಿಟ್ಟುಹೋಯಿತು. ಎರಡನೆಯದನ್ನು ಬಿಟ್ಟಿತು. ಮೂರನೆಯದರ ಮುಂದೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು, ಕೊಕ್ಕನ್ನು ಬುಡದ ತನಕ ಇಳಿಸಿತು. ಒಂದು, ಎರಡು, ಮೂರು ಅಂತ ಎಣಿಸುವಷ್ಟು ಹೊತ್ತು. ಹಾರಿತು.

ಕಾಶೀಬಾಯಿ ಎದ್ದಳು. ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು, ಒಂದು ಬೆರಳಿನಿಂದ ಬಾಗಿಲನ್ನು ತಳ್ಳಿದಳು. ಅದು ಚೌಕಟ್ಟಿನ ತನಕ ಹೋಯಿತು. ಅಲ್ಲೇ ನಿಂತಿತು.

ನಾನು ಎಣ್ಣೆ ಬಟ್ಟಲು, ಕೋಳಿಗರಿ ತೆಗೆದುಕೊಂಡು ಓಣಿ ದಾಟಿದೆ. ಅವಳು ಬಾಗಿಲು ತೆಗೆದು ನನ್ನನ್ನು ಒಳಗೆ ಬಿಟ್ಟಳು. ಐದು ತಿಂಗಳಲ್ಲಿ ಅವಳು ನನಗೆ ಬಾಗಿಲು ತೆಗೆದದ್ದು ಅದೇ ಮೊದಲು. ಅಗಳಿಯ ಮೇಲೆ ಕೂತಿದ್ದ ಧೂಳು ಒರೆಸಿದೆ. ಎರಡು ತುದಿಗೂ, ಅದು ಜಾರಿ ಹೋಗುವ ಗೋಡೆಯ ತೂತಿಗೂ ಎಣ್ಣೆ ಸವರಿದೆ. ಇಷ್ಟು ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಚಾಪೆ ಆಗಲೇ ಹಾಸಿತ್ತು.

“ಆತು,” ಅಂದೆ. “ಇನ್ನ ಹಾಕ್ಕೋ.”

“ನೀ ಹೊರಗ ಹೋದ್ರ ಅಲ್ಲೇನು ಹಾಕ್ಕೊಳ್ಳೂದು?”

ಹೊರಗೆ ಬಂದು ತಿರುಗಿ ನಿಂತೆ. ಅವಳು ಬಾಗಿಲ ಅಂಚು ಹಿಡಿದುಕೊಂಡಿದ್ದಳು.

“ನಾಳಿ ಊಟಕ್ಕ?” ಅಂದೆ.

“ಬಾಗಲಾ ಬಡಿ. ತೆಗಿತೀನಿ.”

“ತೆಗೀದಿದ್ರ?”

“ಮಲಗೀನಿ ಅಂತ ತಿಳ್ಕೋ. ಆಮ್ಯಾಲ ಬಾ.”

ಬಾಗಿಲು ಮುಚ್ಚಿತು. ಅಗಳಿ ಸರಿದು ಗೋಡೆಯ ತೂತಿನೊಳಗೆ ಕೂತ ಸದ್ದು ಕೇಳಿಸಿತು. ನಾನು ಕೂಡಿಸಿದ ಅಗಳಿ, ಸದ್ದು ಚೆನ್ನಾಗಿತ್ತು. ಹೊರಡಬೇಕು ಅನ್ನುವಷ್ಟರಲ್ಲಿ ಕೆಳಗೆ ನೋಡಿದೆ. ಬಾಗಿಲ ಸಂದಿಯಲ್ಲಿ ಅವಳ ಸೀರೆಯ ಅಂಚು ಒಂದು ಗೇಣು ಹೊರಗೆ ಸಿಕ್ಕಿಕೊಂಡಿತ್ತು. ಒಳಗಿನಿಂದ ಬಾಗಿಲು ಹಾಕಿಕೊಂಡು ಅವಳಿಗೆ ರೂಢಿಯಿರಲಿಲ್ಲ. ಬಡಿದು ಹೇಳೋಣ ಅಂತ ಕೈಯೆತ್ತಿದೆ. ಇಳಿಸಿದೆ. ಓಣಿಯ ನಡುವೆ ಬಟ್ಟಲು ಹಿಡಿದು ನಿಂತೆ. ಸೀರೆ ಎರಡು ಸಲ ಜಗ್ಗಿತು. ಆಮೇಲೆ ಅಗಳಿ ಹಿಂದಕ್ಕೆ ಸರಿಯಿತು, ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು, ಅಂಚು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಅಗಳಿ ಎರಡನೆಯ ಸಲ ಬಿತ್ತು, ಈ ಸಲ ಇನ್ನೂ ಗಟ್ಟಿಯಾಗಿ.